ಗಡ್ಡೆ ಇಳಿದಿಲ್ಲ, ಆದರೆ ಸತ್ತಿದೆಯೇ? ಸಾರ್ಕೋಮಾ ಆಪರೇಷನ್‌ಗೆ ಮೊದಲು ಕೀಮೋ ಫಲ ನೋಡುವ ಬಗೆ

"ಮೂರು ಸೈಕಲ್ ಆಯ್ತು ಡಾಕ್ಟ್ರೇ, ಒಂದು ನೂಲೂ ಇಳಿದಿಲ್ಲವಲ್ಲ ಮಾರಾಯ್ರೇ."

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ತಮ್ಮ ತೊಡೆಯ ಗಡ್ಡೆಯನ್ನು ದರ್ಜಿ ಟೇಪಿನಲ್ಲಿ ವಾರವಾರವೂ ಅಳೆದು, ಕ್ಯಾಲೆಂಡರಿನ ಮನೆಗಳಲ್ಲಿ ಬರೆದು, ಆ ಕ್ಯಾಲೆಂಡರನ್ನೇ ಸುರುಳಿ ಸುತ್ತಿ ತಂದಿದ್ದರು. ಜೊತೆಗೆ ಬಂದಿದ್ದ ಭಾವನಿಗೆ ಆಗಲೇ ಆಸೆ ಬತ್ತಿತ್ತು. ಟೇಪಿನ ಲೆಕ್ಕದಲ್ಲಿ ತಪ್ಪಿರಲಿಲ್ಲ; ಸ್ಕ್ಯಾನಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಬಂತು. ಆದರೆ ಗಡ್ಡೆಯ ಒಳಗೆ ಮುಕ್ಕಾಲು ಭಾಗಕ್ಕೆ ರಕ್ತ ಹೋಗುವುದೇ ನಿಂತಿತ್ತು. ಹೊರಗಿನಿಂದ ಇಡಿಯಾಗಿ ಕಾಣುವ ಹಲಸಿನಹಣ್ಣು ಕೊಯ್ದರೆ ಒಳಗೆಲ್ಲ ಕೊಳೆತಿರುವುದುಂಟಲ್ಲ, ಹಾಗೆ.

ನಾನು ಸ್ಕ್ಯಾನ್ ಓದುವ ಕೆಲಸದವನು, ಮಲೆನಾಡಿನವನೇ. ಫೈಲು ಹಿಡಿದು ಊರೂರು ಅಲೆಯುವ ಮನೆಯವರಿಗಾಗಿಯೂ, ಈ ಕಾಯಿಲೆಯನ್ನು ಅಪರೂಪಕ್ಕೆ ಕಾಣುವ ತಾಲ್ಲೂಕಿನ ಕಿರಿಯ ವೈದ್ಯರಿಗಾಗಿಯೂ ಇದನ್ನು ಬರೆಯುತ್ತಿದ್ದೇನೆ. ದೊಡ್ಡವರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಸ್ನಾಯು, ಕೊಬ್ಬಿನಂಥ ಮೃದು ಅಂಗಾಂಶದ ಸಾರ್ಕೋಮಾ ನೂರಕ್ಕೆ ಒಂದರಷ್ಟು ಮಾತ್ರ. ಸ್ತನ, ಬಾಯಿ, ಗರ್ಭಕೊರಳಿನ ಕ್ಯಾನ್ಸರ್ ನೋಡಿ ಪಳಗಿದ ಕಣ್ಣಿಗೂ ಇದು ಹೊಸದೇ. ಚಿಕಿತ್ಸೆ ಏನೆಂದು ತೀರ್ಮಾನಿಸಬೇಕಾದವರು ನಿಮ್ಮ ಆಂಕಾಲಜಿಸ್ಟ್. ಅವರೆದುರು ಕೂತಾಗ ಏನು ಕೇಳಬೇಕು, ರಿಪೋರ್ಟಿನಲ್ಲಿ ಯಾವ ಸಾಲು ಹುಡುಕಬೇಕು ಎನ್ನುವಷ್ಟು ಇಲ್ಲಿದೆ.

1. ಮೊದಲು ಗಡ್ಡೆಯ ಹೆಸರು

"ಸಾರ್ಕೋಮಾ" ಎಂಬುದು ಮನೆತನದ ಹೆಸರು. ಅದರೊಳಗೆ 50ಕ್ಕೂ ಹೆಚ್ಚು ಬಗೆಗಳಿವೆ, ಒಂದೊಂದರ ಗುಣವೂ ಬೇರೆ. ಮಿಕ್ಸಾಯ್ಡ್ ಲೈಪೋಸಾರ್ಕೋಮಾ, ಸೈನೋವಿಯಲ್ ಸಾರ್ಕೋಮಾ ಕೀಮೋಗೆ ಚೆನ್ನಾಗಿ ಬಗ್ಗುವ ಜಾತಿ. ಅಲ್ವಿಯೋಲಾರ್ ಸಾಫ್ಟ್ ಪಾರ್ಟ್ ಸಾರ್ಕೋಮಾ, ಕ್ಲಿಯರ್ ಸೆಲ್ ಸಾರ್ಕೋಮಾ ಸಾಮಾನ್ಯ ಕೀಮೋಗೆ ಜಗ್ಗುವುದು ಕಡಿಮೆ. ಹೆಸರೇ ಗೊತ್ತಿಲ್ಲದೆ "ಫಲ ಬಂತೇ" ಎಂದು ಕೇಳಿದರೆ, ಯಾವ ಬೀಜ ಬಿತ್ತಿದೆವೆಂದು ತಿಳಿಯದೆ ಫಸಲು ಎಷ್ಟೆಂದು ಕೇಳಿದ ಹಾಗಾಗುತ್ತದೆ.

ಆದ್ದರಿಂದ ಬಯಾಪ್ಸಿ ರಿಪೋರ್ಟಿನಲ್ಲಿ ಬಗೆ ಮತ್ತು ಗ್ರೇಡ್ ಎರಡೂ ಇವೆಯೇ ನೋಡಿ. ಗ್ರೇಡ್ 1ರಿಂದ 3ರವರೆಗೆ. ಜೀವಕೋಶ ತನ್ನ ಮೂಲ ರೂಪ ಎಷ್ಟು ಉಳಿಸಿಕೊಂಡಿದೆ, ಎಷ್ಟು ಬೇಗ ಒಡೆಯುತ್ತಿದೆ, ಎಷ್ಟು ಭಾಗ ತಾನಾಗಿಯೇ ಸತ್ತಿದೆ ಎಂಬ ಮೂರರ ಅಂಕ ಕೂಡಿಸಿ ಅದನ್ನು ಕಟ್ಟುತ್ತಾರೆ. ಇದರಲ್ಲಿ ಮೂರನೆಯದನ್ನು ಮರೆಯಬೇಡಿ: ಗ್ರೇಡ್ 3 ಗಡ್ಡೆಯಲ್ಲಿ ಔಷಧಿ ತಾಗುವ ಮೊದಲೇ ನಡುಭಾಗ ಸತ್ತಿರಬಹುದು. ಕೊನೆಗೆ "ಗಡ್ಡೆ ಅರ್ಧ ಸತ್ತಿದೆ" ಎಂದು ಬರೆದಾಗ ಅದರಲ್ಲಿ ಕೀಮೋ ಮಾಡಿದ್ದೆಷ್ಟು, ಮುಂಚೆಯೇ ಇದ್ದದ್ದೆಷ್ಟು ಎಂಬ ಪ್ರಶ್ನೆ ಏಳುವುದು ಇಲ್ಲಿಂದಲೇ.

ಒಂದು ಕಿವಿಮಾತು, ವಿಷಯದಿಂದ ಚೂರು ಆಚೆ. ತೊಡೆಯಲ್ಲೋ ತೋಳಿನಲ್ಲೋ 5 ಸೆಂ.ಮೀ.ಗಿಂತ ದೊಡ್ಡದಾದ, ಆಳದಲ್ಲಿ ಕೂತ, ಬೆಳೆಯುತ್ತಿರುವ ಗಂಟನ್ನು "ಕೊಬ್ಬಿನ ಗಂಟು" ಎಂದು ಸ್ಕ್ಯಾನ್ ಇಲ್ಲದೆ ತೆಗೆಸಿಕೊಳ್ಳಬೇಡಿ. ಹಾಗೆ ತೆಗೆದ ಮೇಲೆ ಅಳೆಯಲು ಗಡ್ಡೆಯೇ ಉಳಿದಿರುವುದಿಲ್ಲ, ಅದರ ಚೂರುಗಳು ಮಾತ್ರ ಉಳಿದಿರುತ್ತವೆ.

2. ಔಷಧಿಗೆ ಮುಂಚಿನ ಚಿತ್ರ

ಹೋಲಿಸಲು ಹಳೆಯದೊಂದು ಬೇಕು. ಕೈಕಾಲಿನ ಗಡ್ಡೆಗೆ ಕಾಂಟ್ರಾಸ್ಟ್ (ರಕ್ತ ಓಡಾಡುವ ಜಾಗ ಹೊಳೆಯುವಂತೆ ನರಕ್ಕೆ ಕೊಡುವ ಔಷಧಿ) ಹಾಕಿದ ಎಂಆರ್‌ಐ, ಹೊಟ್ಟೆಯ ಹಿಂಭಾಗದ್ದಕ್ಕೆ ಕಾಂಟ್ರಾಸ್ಟ್ ಸಿಟಿ, ಎಲ್ಲರಿಗೂ ಎದೆಯ ಸಿಟಿ. ಇದು ಕೀಮೋ ಶುರುವಾಗುವ ಹೊತ್ತಿಗೆ 4 ವಾರಕ್ಕಿಂತ ಹಳತಾಗಿರಬಾರದು. ನಮ್ಮಲ್ಲಿ ಕೊಯ್ಲು ಮುಗಿಯಲಿ, ಅಡಿಕೆ ಒಣಗಲಿ ಎಂದು ಎರಡು ತಿಂಗಳು ತಳ್ಳಿ ಆಮೇಲೆ ಬರುವವರಿದ್ದಾರೆ. ಅಷ್ಟರಲ್ಲಿ ಗಡ್ಡೆ 2 ಸೆಂ.ಮೀ. ಬೆಳೆದಿದ್ದರೆ ಆ ಬೆಳವಣಿಗೆ ಔಷಧಿಯ ಲೆಕ್ಕಕ್ಕೆ ಬೀಳುತ್ತದೆ. ಪಾಪ, ಔಷಧಿ ಆಗಿನ್ನೂ ಮೈಸೇರಿಯೇ ಇರುವುದಿಲ್ಲ.

ಮೊದಲ ಸ್ಕ್ಯಾನ್ ಮಾಡಿಸಿದ ಯಂತ್ರದಲ್ಲೇ, ಅದೇ ಕ್ರಮದಲ್ಲೇ ಎರಡನೆಯದನ್ನೂ ಮಾಡಿಸಿ. ಮೊದಲನೆಯದು ಎಂಆರ್‌ಐ, ಎರಡನೆಯದು ಸಿಟಿ ಆದರೆ ಸೇರಿನಲ್ಲಿ ಅಳೆದ ಅಕ್ಕಿಯನ್ನು ತಕ್ಕಡಿಯಲ್ಲಿ ತೂಗಿ ಜಗಳವಾಡಿದಂತೆ. ನನ್ನದೇ ಒಂದು ತಪ್ಪು ಹೇಳುತ್ತೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ಒಬ್ಬ ಹೆಣ್ಣುಮಗಳ ಎರಡನೇ ಎಂಆರ್‌ಐ ಓದುವಾಗ ಹಳೆಯ ಸಿ.ಡಿ. ಸಿಗಲಿಲ್ಲ, ಕಾಗದದ ರಿಪೋರ್ಟನ್ನೇ ನಂಬಿದೆ. ಹಿಂದಿನವರು ಅಡ್ಡ ಕೊಯ್ದ ಚಿತ್ರದಲ್ಲಿ ಅಳೆದಿದ್ದರು, ನಾನು ಉದ್ದ ಕೊಯ್ದದ್ದರಲ್ಲಿ ಅಳೆದೆ. ಒಂದೂವರೆ ಸೆಂ.ಮೀ. ಜಾಸ್ತಿ ಬಂತು, "ಬೆಳೆದಿದೆ" ಎಂದು ಬರೆದೆ. ಮನೆಯವರು ವಾರವಿಡೀ ಅತ್ತರು. ಹಳೆಯ ಚಿತ್ರ ಸಿಕ್ಕಿ ಅಳೆದು ನೋಡಿದರೆ ಗಡ್ಡೆ ಇದ್ದಲ್ಲೇ ಇತ್ತು. ಅಂದಿನಿಂದ ಹಳೆಯ ಚಿತ್ರ ಪಕ್ಕದಲ್ಲಿ ತೆರೆದುಕೊಳ್ಳದೆ ನಾನು ಒಂದು ಅಂಕಿಯನ್ನೂ ಬರೆಯುವುದಿಲ್ಲ.

ಹಾಗಾಗಿ ಸಿ.ಡಿ. ಕೇಳಿ ಪಡೆಯಿರಿ, ಎರಡು ಪ್ರತಿ ಮಾಡಿಸಿ, ಒಂದನ್ನು ಪೆನ್‌ಡ್ರೈವಿಗೆ ಹಾಕಿಸಿ. ಮಲೆನಾಡಿನ ಮಳೆಗಾಲ ಗೊತ್ತಲ್ಲ: ಜೂನ್ ದಾಟಿದರೆ ಬೀರುವಿನ ಬಟ್ಟೆಗೇ ಬೂಷ್ಟು, ಇನ್ನು ಫಿಲ್ಮು ಒಂದಕ್ಕೊಂದು ಅಂಟದೆ ಇರುತ್ತದೆಯೇ? ಅಟ್ಟದ ಮೇಲೂ ಬೇಡ, ಒಲೆಯ ಹೊಗೆ ಹಿಡಿಯುತ್ತದೆ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಸಾಕು.

3. ಯಾವ ದಿನ ನೋಡಬೇಕು

ಆಪರೇಷನ್‌ಗೆ ಮೊದಲಿನ ಕೀಮೋ ಎಂದರೆ ಸಾಮಾನ್ಯವಾಗಿ ಡಾಕ್ಸೋರುಬಿಸಿನ್ ಅಥವಾ ಅದರ ದಾಯಾದಿ ಎಪಿರುಬಿಸಿನ್, ಜೊತೆಗೆ ಐಫಾಸ್ಫಮೈಡ್. 21 ದಿನಕ್ಕೊಂದು ಸೈಕಲ್, ಹೆಚ್ಚಾಗಿ ಮೂರು. ಕೀಮೋ ಇಳಿಸಿದ ನಾಲ್ಕೇ ದಿನಕ್ಕೆ ಸ್ಕ್ಯಾನ್ ಮಾಡಿಸಿದರೆ ಊತ, ನೀರು, ಗದ್ದಲ ಮಾತ್ರ ಕಾಣುತ್ತದೆ. ಸೈಕಲಿನ ಔಷಧಿ ಇಳಿಸಿ 2ರಿಂದ 3 ವಾರ, ಅಂದರೆ ಮುಂದಿನ ಸೈಕಲಿನ ಹೊಸ್ತಿಲಲ್ಲಿ ನೋಡುವುದು ಒಳ್ಳೆಯದು. ಎರಡು ಸೈಕಲ್ ಆದ ಮೇಲೊಮ್ಮೆ ನಡುವೆ ನೋಡುವ ಪದ್ಧತಿ ನನಗೆ ಇಷ್ಟ. ಔಷಧಿ ಕೆಲಸ ಮಾಡುತ್ತಿಲ್ಲವೆಂದರೆ ಮೂರನೆಯದರ ವಾಂತಿಯನ್ನು ಸುಮ್ಮನೆ ಅನುಭವಿಸುವುದೇಕೆ?

ಸ್ಕ್ಯಾನಿಗೆ ಮುಂಚೆ ಕ್ರಿಯಾಟಿನಿನ್ ಪರೀಕ್ಷೆ ಇರಲಿ. ಐಫಾಸ್ಫಮೈಡ್ ಕಿಡ್ನಿಗೆ ತೊಂದರೆ ಕೊಡಬಲ್ಲದು. ಕಾಂಟ್ರಾಸ್ಟ್ ಕೊಡುವವರಿಗೆ ಕಿಡ್ನಿಯ ಸ್ಥಿತಿ ಗೊತ್ತಿರಬೇಕು. ಮನೆಯಲ್ಲಿ ನಾಟಿ ಔಷಧಿ ನಡೆಯುತ್ತಿದ್ದರೆ ಅದನ್ನೂ ಹೇಳಿ. ಬೈಸಿಕೊಳ್ಳುತ್ತೇವೆಂದು ಬಚ್ಚಿಡುವವರೇ ಹೆಚ್ಚು. ಲಿವರ್, ಕಿಡ್ನಿ ಪರೀಕ್ಷೆ ಏರುಪೇರಾದಾಗ ಕಾರಣ ಹುಡುಕುತ್ತಾ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

4. ಕೈಯ ಪರೀಕ್ಷೆ

ನೋವು ಇಳಿಯಿತೇ, ಗಡ್ಡೆ ಮೆತ್ತಗಾಯಿತೇ, ಅಲ್ಲಾಡುತ್ತದೆಯೇ, ಮಂಡಿ ಹೆಚ್ಚು ಮಡಚಲು ಬರುತ್ತದೆಯೇ? ಇವೆಲ್ಲ ಲೆಕ್ಕಕ್ಕಿವೆ. ಮನೆಯ ಟೇಪನ್ನೂ ಬಿಸಾಡಬೇಡಿ. ಮಂಡಿಚಿಪ್ಪಿನಿಂದ ಮೇಲೆ ಇಂತಿಷ್ಟು ಬೆರಳು ಎಂದು ಗುರುತು ಮಾಡಿ ಅದೇ ಜಾಗದಲ್ಲಿ ಅಳೆಯಿರಿ. ಎರಡೇ ದಿನದಲ್ಲಿ ಗಡ್ಡೆ ಉಬ್ಬಿ ಬಿಗಿದು ನೋಯತೊಡಗಿದರೆ ಒಳಗೆ ರಕ್ತ ಸೋರಿರಬಹುದು. ಮುಂದಿನ ಸೈಕಲಿನವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ತೋರಿಸಿ.

5. ಅಳತೆಯ ನಿಯಮ

ಜಗತ್ತಿನಾದ್ಯಂತ ಗಟ್ಟಿ ಗಡ್ಡೆಗಳನ್ನು ಅಳೆಯಲು ಬಳಸುವ ಕ್ರಮದ ಹೆಸರು ರೆಸಿಸ್ಟ್. 2000ದಲ್ಲಿ ಬಂತು, 2009ರಲ್ಲಿ 1.1 ಎಂದು ತಿದ್ದುಪಡಿಯಾಯಿತು. ಗಡ್ಡೆಯ ಅತಿ ಉದ್ದದ ವ್ಯಾಸವನ್ನು ಅಳೆಯಿರಿ; ಗಡ್ಡೆಗಳು ಹಲವಿದ್ದರೆ ಒಟ್ಟು ಐದರವರೆಗೆ, ಒಂದು ಅಂಗದಲ್ಲಿ ಎರಡರವರೆಗೆ ಆರಿಸಿ ಕೂಡಿಸಿ. ಮೊತ್ತ ಮೊದಲಿಗಿಂತ 30% ಅಥವಾ ಹೆಚ್ಚು ಇಳಿದರೆ "ಭಾಗಶಃ ಫಲ". ಅತಿ ಚಿಕ್ಕದಾಗಿದ್ದ ಅಳತೆಗಿಂತ 20% ಏರಿ, ಆ ಏರಿಕೆ ಕನಿಷ್ಠ 5 ಮಿ.ಮೀ. ಇದ್ದರೆ "ರೋಗ ಮುಂದುವರಿದಿದೆ". ಹೊಸ ಗಡ್ಡೆ ಕಂಡರೂ ಅದೇ. ನಡುವೆ ಬಿದ್ದದ್ದೆಲ್ಲ "ಸ್ಥಿರ".

30% ಎಂದರೆ ಕಡಿಮೆ ಎನಿಸಬಹುದು. ಆದರೆ ದುಂಡನೆಯ ಗಡ್ಡೆಯ ವ್ಯಾಸ 30% ಇಳಿದರೆ ಗಾತ್ರ ಸುಮಾರು 66% ಇಳಿದಿರುತ್ತದೆ. ಅಂದರೆ ರೆಸಿಸ್ಟ್ ಬೇಡುತ್ತಿರುವುದು ಸಣ್ಣದನ್ನೇನಲ್ಲ. ಸಾರ್ಕೋಮಾ ಅಷ್ಟು ಕುಗ್ಗುವುದು ಕಡಿಮೆ. ಕೋಶಗಳು ಸತ್ತರೂ ಅವುಗಳ ಸುತ್ತಲಿನ ನಾರು, ಲೋಳೆ, ಹೆಪ್ಪುಗಟ್ಟಿದ ರಕ್ತ ಜಾಗ ಬಿಡುವುದಿಲ್ಲ. ಆದ್ದರಿಂದ ಬಹಳ ಜನರ ರಿಪೋರ್ಟಿನಲ್ಲಿ "ಸ್ಥಿರ" ಎಂಬ ಷರಾವೇ ಬರುತ್ತದೆ, ಮನೆಯವರು ಅದನ್ನು "ಸೋಲು" ಎಂದು ಓದಿಕೊಳ್ಳುತ್ತಾರೆ.

6. ಗಡ್ಡೆಯ ಒಳಗಿನ ಮಾತು

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ನನ್ನ ಕೆಲಸದ ತಿರುಳು ಇದೇ.

2007ರಲ್ಲಿ ಅಮೆರಿಕದ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಸೆಂಟರಿನ ಹೇಸನ್ ಚೋಯ್ ಮತ್ತು ಸಂಗಡಿಗರು ಹೊಟ್ಟೆ–ಕರುಳಿನ ಜಿಸ್ಟ್ ಎಂಬ ಗಡ್ಡೆಗೆ ಇಮ್ಯಾಟಿನಿಬ್ ಮಾತ್ರೆ ಕೊಟ್ಟಾಗ ಇದೇ ಪೇಚನ್ನು ಕಂಡರು: ಗಡ್ಡೆ ಕುಗ್ಗದಿದ್ದರೂ ರೋಗಿ ಚೇತರಿಸಿಕೊಳ್ಳುತ್ತಿದ್ದರು. ಅವರು ಹೊಸ ಮಾನದಂಡ ಕೊಟ್ಟರು. ವ್ಯಾಸ 10% ಇಳಿದರೂ ಫಲವೇ, ಇಲ್ಲವೇ ಕಾಂಟ್ರಾಸ್ಟ್ ಸಿಟಿಯಲ್ಲಿ ಗಡ್ಡೆಯ ಸಾಂದ್ರತೆ 15% ಇಳಿದರೂ ಫಲವೇ. ಸಾಂದ್ರತೆಯನ್ನು ಹೌನ್ಸ್‌ಫೀಲ್ಡ್ ಎಂಬ ಏಕಮಾನದಲ್ಲಿ ಅಳೆಯುತ್ತಾರೆ. ನೀರು 0, ಕೊಬ್ಬು ಸೊನ್ನೆಗಿಂತ ಕೆಳಗೆ, ರಕ್ತ ತುಂಬಿ ಹೊಳೆಯುವ ಜೀವಂತ ಮಾಂಸ ಮೇಲೆ. ಗಡ್ಡೆ ಸತ್ತಂತೆ ಅಂಕಿ ನೀರಿನ ಕಡೆಗೆ ಜಾರುತ್ತದೆ. ಈ ಕ್ರಮವನ್ನು ಆಮೇಲೆ ಇತರ ಸಾರ್ಕೋಮಾಗಳಿಗೂ, ಎಂಆರ್‌ಐಗೂ ಹೊಂದಿಸಿಕೊಂಡರು. ಸಾರ್ಕೋಮಾ ಓದುವವರು ರೆಸಿಸ್ಟ್ ಒಂದನ್ನೇ ಬರೆದು ಕೈತೊಳೆದುಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ. ನಿಮ್ಮ ರಿಪೋರ್ಟಿನಲ್ಲಿ ಉದ್ದ–ಅಗಲ ಬಿಟ್ಟು ಬೇರೇನೂ ಇಲ್ಲದಿದ್ದರೆ, "ಒಳಗೆ ಕಾಂಟ್ರಾಸ್ಟ್ ಹಿಡಿಯುವ ಭಾಗ ಎಷ್ಟು ಉಳಿದಿದೆ" ಎಂದು ವಿನಯದಿಂದ ಕೇಳಿ.

ಎಂಆರ್‌ಐನಲ್ಲಿ ನಾನು ಹುಡುಕುವುದು ಹೀಗೆ. ಕಾಂಟ್ರಾಸ್ಟ್ ಹಾಕುವ ಮುಂಚಿನ ಚಿತ್ರವನ್ನು ಹಾಕಿದ ನಂತರದ ಚಿತ್ರದಿಂದ ಕಳೆಯುತ್ತೇನೆ. ಈ ಕಳೆಯುವ ಲೆಕ್ಕ ಬಿಡಬಾರದು. ಗಡ್ಡೆಯೊಳಗಿನ ಹಳೇ ರಕ್ತ ತಾನಾಗಿಯೇ ಬಿಳಿಯಾಗಿ ಹೊಳೆಯುತ್ತದೆ, ಜೀವಂತ ಭಾಗವೆಂದು ಮೋಸಗೊಳಿಸುತ್ತದೆ. ಕಳೆದ ಮೇಲೂ ಉಳಿದ ಹೊಳಪು ರಕ್ತ ಓಡಾಡುವ ಜಾಗ. ಆ ಹೊಳಪು ಕೆಲವು ಸೆಕೆಂಡಿನಲ್ಲೇ ಭರ್ರನೆ ಏರಿದರೆ ಗಡ್ಡೆ ಬದುಕಿದೆಯೆಂಬ ಅನುಮಾನ. ನಿಧಾನವಾಗಿ, ತಡವಾಗಿ ಏರಿದರೆ ಗಾಯ ಮಾಗುವ ನಾರಿನ ಅಂಗಾಂಶ ಇರಬಹುದು. ನೀರಿನ ಕಣಗಳ ಓಡಾಟ ಅಳೆಯುವ ಡಿಫ್ಯೂಷನ್ ಚಿತ್ರವೂ ನೆರವಿಗಿದೆ. ಕೋಶಗಳು ಜಾತ್ರೆಯ ಜನದಂತೆ ಒತ್ತಿ ನಿಂತಿದ್ದಾಗ ನೀರಿಗೆ ಓಡಾಡಲು ಜಾಗವಿಲ್ಲ. ಕೋಶ ಸತ್ತು ಗೋಡೆ ಒಡೆದರೆ ಓಡಾಟ ಹೆಚ್ಚುತ್ತದೆ, ಎಡಿಸಿ ಎಂಬ ಅಂಕಿ ಏರುತ್ತದೆ.

ಮಿಕ್ಸಾಯ್ಡ್ ಬಗೆ ಮಾತ್ರ ಬೇರೆ ಜಾತಿ. ಅದರ ಮೈಯೇ ಲೋಳೆ. ಮೊದಲ ದಿನವೇ ಸಾಂದ್ರತೆ ಕಡಿಮೆ, ಎಡಿಸಿ ಹೆಚ್ಚು. ಅಲ್ಲಿ ಮೇಲಿನ ಅಂಕಿಗಳನ್ನು ಕಣ್ಣುಮುಚ್ಚಿ ಹೇರಿದರೆ ದಾರಿ ತಪ್ಪುತ್ತದೆ. ಫಲ ಬಂದಾಗ ಈ ಗಡ್ಡೆ ಕೆಲವೊಮ್ಮೆ ಬಲಿತ ಕೊಬ್ಬಾಗಿ ಮಾರ್ಪಡುತ್ತದೆ. ಗಡ್ಡೆ ಅಲ್ಲೇ ಇದೆ ಎನಿಸುತ್ತದೆ, ಆದರೆ ಅದರ ಸ್ವಭಾವ ಬದಲಾಗಿರುತ್ತದೆ.

ಇನ್ನು ಉಲ್ಟಾ ಹೊಡೆಯುವುದೂ ಉಂಟು: ಗಡ್ಡೆ ದೊಡ್ಡದಾಗುತ್ತದೆ, ಆದರೆ ರೋಗ ಬೆಳೆದಿರುವುದಿಲ್ಲ. ಸತ್ತ ಭಾಗ ನೀರಾಗಿ, ರಕ್ತ ಸೋರಿ ಚೀಲದಂತೆ ಉಬ್ಬುತ್ತದೆ. ರೇಡಿಯೇಷನ್ ಜೊತೆಗೆ ಕೊಟ್ಟಾಗ ಇದು ಹೆಚ್ಚು. ಹಾಗಾದರೆ ನಿಜವಾದ ಬೆಳವಣಿಗೆಯ ಗುರುತೇನು? ಅಂಚಿನಲ್ಲಿ ಹೊಸದಾಗಿ ಎದ್ದ, ಕಾಂಟ್ರಾಸ್ಟ್ ಹಿಡಿಯುವ ಗಟ್ಟಿ ಗಂಟು. ಮೂಳೆ, ರಕ್ತನಾಳದ ಕಡೆಗೆ ಹೊಸದಾಗಿ ಚಾಚಿದ ಬೆರಳು. ಗಾತ್ರ ಹೆಚ್ಚಾಗಿ ಒಳಗೆ ಕಪ್ಪಾಗಿದ್ದರೆ ಒಂದು ಕಥೆ. ಗಾತ್ರವೂ ಹೆಚ್ಚಿ ಹೊಳಪೂ ಹೆಚ್ಚಿದರೆ ಇನ್ನೊಂದು.

7. ಪೆಟ್ ಸ್ಕ್ಯಾನ್: ಎಲ್ಲರಿಗೂ ಬೇಡ, ಬೇಕಾದವರಿಗೆ ಬಲು ಉಪಕಾರಿ

ಗಡ್ಡೆ ಎಷ್ಟು ಸಕ್ಕರೆ ತಿನ್ನುತ್ತಿದೆ ಎಂದು ಪೆಟ್ ತೋರಿಸುತ್ತದೆ. ಅಂಕಿಯ ಹೆಸರು ಎಸ್‌ಯುವಿ. 2008ರ ಒಂದು ಅಧ್ಯಯನದಲ್ಲಿ ಆಪರೇಷನ್‌ಗೆ ಮೊದಲು ಎಸ್‌ಯುವಿ 60% ಇಳಿದವರಲ್ಲಿ, ತೆಗೆದ ಗಡ್ಡೆಯಲ್ಲೂ ಚೆನ್ನಾಗಿ ಫಲ ಕಂಡಿತು. ಗಾತ್ರದ ಅಳತೆಗಿಂತ ಇದು ಹೆಚ್ಚು ಸರಿಯಾಗಿ ಹೇಳಿತು. 2009ರಲ್ಲಿ ಅದೇ ದಾರಿಯ ಮತ್ತೊಂದು ಅಧ್ಯಯನ, ಮೊದಲ ಸೈಕಲ್ ಮುಗಿದೊಡನೆ 35% ಇಳಿಕೆಯೂ ಮುನ್ಸೂಚನೆ ಕೊಡಬಲ್ಲದು ಎಂದಿತು. ಆದರೆ ಕೀಮೋಗೆ ಮುಂಚಿನ ಪೆಟ್ ಇಲ್ಲದಿದ್ದರೆ ನಂತರದ ಒಂದೇ ಪೆಟ್ ಮಾಡಿಸಿ ಪ್ರಯೋಜನ ಕಡಿಮೆ. ಮೊದಲೇ ಸಕ್ಕರೆ ಕಡಿಮೆ ತಿನ್ನುವ ಮಿಕ್ಸಾಯ್ಡ್ ಬಗೆಗೂ ಅಷ್ಟಕ್ಕಷ್ಟೇ.

ಪೆಟ್‌ಗೆಂದು ಬೆಂಗಳೂರಿಗೋ ಮಣಿಪಾಲಕ್ಕೋ ಹೊರಟವರಿಗೆ ಕೆಲವು ಸೂಚನೆ. ಕನಿಷ್ಠ 4ರಿಂದ 6 ಗಂಟೆ ಉಪವಾಸ. ನೀರು ಕುಡಿಯಬಹುದು, ದಾರಿಯ ಹೋಟೆಲಿನ ಕಾಫಿ ಬೇಡ. ಸಕ್ಕರೆ ಕಾಯಿಲೆಯಿದ್ದರೆ ಅಂದು ಬೆಳಗಿನ ಮಾತ್ರೆ, ಇನ್ಸುಲಿನ್ ಬಗ್ಗೆ ಮೊದಲೇ ಕೇಳಿಕೊಳ್ಳಿ. ರಕ್ತದ ಸಕ್ಕರೆ 200 ದಾಟಿದ್ದರೆ ಅಂದು ವಾಪಸು ಕಳಿಸಬಹುದು. ಹಿಂದಿನ ದಿನ ತೋಟದಲ್ಲಿ ಹೊರೆ ಹೊರಬೇಡಿ, ದುಡಿದ ಸ್ನಾಯುವೂ ಸಕ್ಕರೆ ತಿಂದು ಹೊಳೆಯುತ್ತದೆ. ಶಾಲು ಒಯ್ಯಿರಿ: ಮಳೆಯಲ್ಲಿ ಆಗುಂಬೆ ಘಾಟಿ ಇಳಿದು ನಡುಗುತ್ತಾ ಎ.ಸಿ. ಕೋಣೆಯಲ್ಲಿ ಕೂತರೆ ಕುತ್ತಿಗೆ, ಹೆಗಲಿನ ಕಂದು ಕೊಬ್ಬು ಉರಿದು ಚಿತ್ರದಲ್ಲಿ ಗಂಟುಗಳಂತೆ ಕಾಣುತ್ತದೆ. ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್ ತೆಗೆದುಕೊಂಡ ತಾರೀಖು ಬರೆದಿಡಿ. ಅದರಿಂದ ಮೂಳೆಮಜ್ಜೆಯೆಲ್ಲ ಹೊಳೆದು ಓದುವವರನ್ನು ಗಾಬರಿಗೊಳಿಸುತ್ತದೆ.

8. ಶ್ವಾಸಕೋಶ

ಸಾರ್ಕೋಮಾ ಹರಡಿದರೆ ಹೆಚ್ಚಾಗಿ ಹೋಗುವುದು ಶ್ವಾಸಕೋಶಕ್ಕೆ. ತೊಡೆಯ ಗಡ್ಡೆ ಎಷ್ಟೇ ಸತ್ತಿರಲಿ, ಎದೆಯ ಸಿಟಿಯಲ್ಲಿ ಹೊಸ ಗಂಟು ಬಂದಿದ್ದರೆ ಯೋಜನೆಯೇ ಬದಲಾಗುತ್ತದೆ. ಮಿಕ್ಸಾಯ್ಡ್ ಲೈಪೋಸಾರ್ಕೋಮಾ ಬೆನ್ನುಮೂಳೆಗೂ, ದೇಹದ ಬೇರೆ ಕೊಬ್ಬಿನ ಜಾಗಗಳಿಗೂ ಹೋಗುವ ಚಾಳಿಯದ್ದು. ಅವರಿಗೆ ಬೆನ್ನಿನ ಇಲ್ಲವೇ ಇಡೀ ದೇಹದ ಎಂಆರ್‌ಐ ಬೇಕೇ ಎಂದು ಕೇಳಿ.

9. ಎಲ್ಲವನ್ನೂ ಒಂದೇ ಹಾಳೆಗೆ ತನ್ನಿ

ಲೆಕ್ಕಕ್ಕೆಂದೇ ಒಂದು ಉದಾಹರಣೆ ಕಟ್ಟೋಣ. ತೊಡೆಯ ಗಡ್ಡೆ ಮೊದಲು 112 ಮಿ.ಮೀ., ಈಗ 104. ಇಳಿದದ್ದು 8, 8ನ್ನು 112ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 7%. ರೆಸಿಸ್ಟ್ ಪ್ರಕಾರ ಸ್ಥಿರ. ಸಾಂದ್ರತೆ 62ರಿಂದ 44ಕ್ಕೆ, ಅಂದರೆ 29% ಇಳಿಕೆ. ಚೋಯ್ ಪ್ರಕಾರ ಫಲ. ಎಸ್‌ಯುವಿ 11.4ರಿಂದ 4.1ಕ್ಕೆ, 64% ಇಳಿಕೆ. ಪೆಟ್ ಪ್ರಕಾರವೂ ಫಲ. ಶ್ವಾಸಕೋಶ ಸ್ವಚ್ಛ, ನೋವು ಕಡಿಮೆ. ಈ ರೋಗಿಗೆ "ಕೀಮೋ ಸೋತಿತು" ಎಂದು ಹೇಳುವ ಧೈರ್ಯ ನನಗಂತೂ ಇಲ್ಲ.

ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ: ಮೊದಲು, ನಡುವೆ, ಈಗ. ತಾರೀಖು, ಯಂತ್ರ, ಉದ್ದ, ಕಾಂಟ್ರಾಸ್ಟ್ ಹಿಡಿಯುವ ಭಾಗ, ಪೆಟ್ ಅಂಕಿ, ಎದೆ, ನೋವು. ಎರಡು ಇಂಚಿನ ಫೈಲು ತಿರುವಲು ಸಮಯವಿಲ್ಲದ ವೈದ್ಯರೂ ಈ ಹಾಳೆಯನ್ನು ಓದುತ್ತಾರೆ. ಶಿವಮೊಗ್ಗದ ಮೆಗ್ಗಾನ್‌ನಲ್ಲಿ ತೋರಿಸಿ ಬೆಂಗಳೂರಿನ ಕಿದ್ವಾಯಿಗೆ ಹೋಗುವವರಿಗೆ ಇದು ಇನ್ನಷ್ಟು ಅಗತ್ಯ, ಏಕೆಂದರೆ ಒಂದು ಕಡೆಯ ಚಿತ್ರ ಇನ್ನೊಂದು ಕಡೆಯ ಕಂಪ್ಯೂಟರಿನಲ್ಲಿ ತಾನಾಗಿ ತೆರೆದುಕೊಳ್ಳುವುದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡು, ರೆಫರಲ್ ಚೀಟಿ ಇದೇ ಫೈಲಿನಲ್ಲಿರಲಿ.

ತೀರ್ಮಾನ ಟ್ಯೂಮರ್ ಬೋರ್ಡಿನದು. ಸರ್ಜನ್, ಕೀಮೋ ವೈದ್ಯರು, ರೇಡಿಯೇಷನ್ ವೈದ್ಯರು, ನಾವು, ಅಂಗಾಂಶದ ಚೂರು ಪರೀಕ್ಷಿಸುವ ಪೆಥಾಲಜಿಸ್ಟ್ ಒಟ್ಟಿಗೆ ಕೂತು ಚಿತ್ರ ನೋಡುವ ಸಭೆ ಅದು. "ನಮ್ಮವರ ಕೇಸು ಬೋರ್ಡಿನಲ್ಲಿ ಚರ್ಚೆಯಾಯಿತೇ?" ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಫಲ ಕಂಡಿದ್ದರೆ ಉದ್ದೇಶಿಸಿದ ಸೈಕಲ್ ಮುಗಿಸಿ, ರಕ್ತಕಣ ಚೇತರಿಸಿಕೊಂಡ ಮೇಲೆ, ಸಾಮಾನ್ಯವಾಗಿ 3–4 ವಾರಕ್ಕೆ ಆಪರೇಷನ್. ನಿಜಕ್ಕೂ ಬೆಳೆದಿದ್ದರೆ ಕೀಮೋ ಅಲ್ಲಿಗೇ ನಿಲ್ಲಿಸಿ ನೇರ ಆಪರೇಷನ್ ಅಥವಾ ಮೊದಲು ರೇಡಿಯೇಷನ್. ಸ್ಥಿರವೆಂದರೆ ಯೋಜನೆಯಂತೆ ಮುಂದೆ.

10. ತೆಗೆದ ಗಡ್ಡೆ ಹೇಳುವುದು

ನಾವು ಸ್ಕ್ಯಾನಿನವರು ಊಹಿಸಿದ್ದು ಸರಿಯೋ ತಪ್ಪೋ ತಿಳಿಯುವುದು ಪೆಥಾಲಜಿಸ್ಟರ ಟೇಬಲ್ಲಿನ ಮೇಲೆ. ಶಿವಮೊಗ್ಗದ ಮಂಡಿಯಲ್ಲಿ ಮೂಟೆಯ ಬಾಯಿಯ ಅಡಿಕೆ ನೋಡಿ ಯಾರೂ ದರ ಕಟ್ಟುವುದಿಲ್ಲ. ಕೈ ಆಳಕ್ಕೆ ಹಾಕಿ ತೆಗೆದು ರಾಶಿಯೋ ಬೆಟ್ಟೆಯೋ ಗೊರಬಲೋ ನೋಡುತ್ತಾರೆ. ಇಲ್ಲೂ ಹಾಗೆಯೇ. ಗಡ್ಡೆಯ ಅತಿ ಉದ್ದದ ಜಾಗದಲ್ಲಿ ಇಡೀ ಒಂದು ಹಲಗೆಯಂತೆ ಕೊಯ್ದು, ಆ ಹಲಗೆಯನ್ನೆಲ್ಲ ಚೂರು ಮಾಡಿ ನೋಡಬೇಕು. ಗಾತ್ರದ ಪ್ರತಿ ಸೆಂಟಿಮೀಟರಿಗೆ ಒಂದು ಬ್ಲಾಕ್ (ಪರೀಕ್ಷೆಗೆ ತೆಗೆದ ಚೂರು) ಎಂಬುದು ರೂಢಿಯ ಲೆಕ್ಕ. ಅಂಗಾಂಶ ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರಾವಣ ದೊಡ್ಡ ಗಡ್ಡೆಯ ನಡುವಿಗೆ ಬೇಗ ಇಳಿಯುವುದಿಲ್ಲ. ಇಡಿಯಾಗಿ ಮುಳುಗಿಸಿಟ್ಟರೆ ನಡುಭಾಗ ಕೆಡುತ್ತದೆ, ಆಮೇಲೆ ಕೆಟ್ಟದ್ದೋ ಕೀಮೋದಿಂದ ಸತ್ತದ್ದೋ ಹೇಳಲು ಕಷ್ಟ.

ಯುರೋಪಿನ ಇಒಆರ್‌ಟಿಸಿ ಸಂಸ್ಥೆಯ ಸಾರ್ಕೋಮಾ ಗುಂಪು 2016ರಲ್ಲಿ ಐದು ದರ್ಜೆ ಸೂಚಿಸಿತು. ಎ: ಜೀವಂತ ಕ್ಯಾನ್ಸರ್ ಕೋಶ ಒಂದೂ ಇಲ್ಲ. ಬಿ: 1%ಕ್ಕಿಂತ ಕಡಿಮೆ. ಸಿ: 1ರಿಂದ 10%ರೊಳಗೆ. ಡಿ: 10ರಿಂದ 50%ರೊಳಗೆ. ಇ: 50% ಅಥವಾ ಹೆಚ್ಚು. ಇವರು ಎಣಿಸುವುದು ಉಳಿದ ಜೀವಂತ ಕೋಶಗಳನ್ನು. ಹಳೆಯ ರಿಪೋರ್ಟುಗಳಲ್ಲಿ ಸತ್ತದ್ದನ್ನು ಎಣಿಸಿ "95% ನೆಕ್ರೋಸಿಸ್" ಎಂದು ಬರೆದಿರುತ್ತಾರೆ. ಎರಡನ್ನೂ ತಲೆಕೆಳಗಾಗಿ ಓದಿಕೊಂಡು ಅತ್ತವರನ್ನು ನೋಡಿದ್ದೇನೆ. ಆ 95%ಕ್ಕೂ ಇತಿಹಾಸವಿದೆ: 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಷ್ಟು ಸತ್ತಿದ್ದವರಲ್ಲಿ ಗಡ್ಡೆ ಅದೇ ಜಾಗದಲ್ಲಿ ಮರುಕಳಿಸುವುದು ಕಡಿಮೆಯಿತ್ತು, ಆಯುಸ್ಸು ಹೆಚ್ಚಿತ್ತು. ಆಮೇಲಿನ ಅಧ್ಯಯನಗಳೆಲ್ಲ ಅದೇ ಮಾತು ಹೇಳಿಲ್ಲ. ಮೂಳೆಯ ಆಸ್ಟಿಯೋಸಾರ್ಕೋಮಾದಲ್ಲಿ 90% ಎಂಬ ಗೆರೆಗೆ ಇರುವ ತೂಕ ಮೃದು ಅಂಗಾಂಶದ ಸಾರ್ಕೋಮಾದಲ್ಲಿ ಯಾವ ಅಂಕಿಗೂ ಇನ್ನೂ ಬಂದಿಲ್ಲ. ಆದ್ದರಿಂದ ಡಿ ಬಂತೆಂದು ಕುಸಿಯುವುದೂ ಬೇಡ, ಬಿ ಬಂತೆಂದು ತಪಾಸಣೆ ಬಿಡುವುದೂ ಬೇಡ. ಅದೇ ಪುಟದಲ್ಲಿ ಅಂಚಿನ ಸಾಲು ಹುಡುಕಿ: ಗಡ್ಡೆಯ ಸುತ್ತ ಶಾಯಿ ಬಳಿದ ಅಂಚು ಸ್ವಚ್ಛವಿದ್ದರೆ ಆರ್0, ಸೂಕ್ಷ್ಮದರ್ಶಕದಲ್ಲಿ ಕೋಶ ತಾಗಿದ್ದರೆ ಆರ್1, ಕಣ್ಣಿಗೇ ಕಾಣುವಂತೆ ಉಳಿದಿದ್ದರೆ ಆರ್2. ನನ್ನ ಮಟ್ಟಿಗೆ ಈ ಸಾಲನ್ನೇ ಮೊದಲು ಓದಬೇಕು. ಕೀಮೋ ನಂತರದ ಗಡ್ಡೆಗೆ ಹೊಸದಾಗಿ ಗ್ರೇಡ್ ಕೊಟ್ಟಿದ್ದರೆ ಅದನ್ನು ಬದಿಗಿಡಿ. ಗ್ರೇಡ್ ಮೊದಲ ಬಯಾಪ್ಸಿಯದೇ.

ತೀರ್ಥಹಳ್ಳಿಯವರ ಗಡ್ಡೆಯಲ್ಲಿ ಉಳಿದಿದ್ದ ಜೀವಂತ ಕೋಶ 8%, ಅಂಚು ಆರ್0. ದರ್ಜೆ ಸಿ ಎಂದೆ. "ಸಿ ಗ್ರೇಡಾ? ನಮ್ಮ ಹುಡುಗನಿಗೆ ಪರೀಕ್ಷೆಯಲ್ಲಿ ಬಂದದ್ದೂ ಅದೇ" ಎಂದು ಭಾವ ಮುಖ ಸಣ್ಣ ಮಾಡಿದರು, ಐದು ದರ್ಜೆಯನ್ನೂ ಮತ್ತೊಮ್ಮೆ ಬಿಡಿಸಿ ಹೇಳಬೇಕಾಯಿತು. ಎದೆಯ ಸ್ಕ್ಯಾನ್ ಮೊದಲ ಎರಡು–ಮೂರು ವರ್ಷ 3ರಿಂದ 4 ತಿಂಗಳಿಗೊಮ್ಮೆ ಎಂದು ಬರೆದುಕೊಟ್ಟಾಗ, ಅವರು ಹೊಸ ವರ್ಷದ ಕ್ಯಾಲೆಂಡರ್ ತೆಗೆದು ತಾರೀಖಿನ ಮನೆಗಳಲ್ಲಿ ಗುರುತು ಹಾಕತೊಡಗಿದರು.